ಸಂತೆಯ ದಿನದಿಂದ ಹಿಂದಕ್ಕೆ ಎಣಿಸಿದ ಬಿತ್ತನೆ: ಕಾಸರಗೋಡಿನ 40 ಸೆಂಟ್ಸ್ ತರಕಾರಿ ತೋಟದ ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಕಡೆಯ ಒಂದು ಹಳ್ಳಿಯಲ್ಲಿ, ಅಡಿಕೆ ಕೃಷಿಕರಾದ ದಂಪತಿ 40 ಸೆಂಟ್ಸ್ (ನೂರು ಸೆಂಟ್ಸಿಗೆ ಒಂದು ಎಕರೆ) ಜಾಗದಲ್ಲಿ ತರಕಾರಿ ಬೆಳೆದು, ವಾರದ ಸಂತೆಯಲ್ಲಿ ತಾವೇ ಕುಳಿತು ಮಾರಲು ತೊಡಗಿದ ಎರಡು ವರ್ಷಗಳ ವಿವರ ಇಲ್ಲಿದೆ. ನಾನು ಅವರ ನೆರೆಮನೆಯವನು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಕಾರಣ, ಮೊದಲ ವರ್ಷದ ಕೊನೆಗೆ ಅವರ ಬಿಡಿಚೀಟಿಗಳನ್ನೆಲ್ಲ ಒಟ್ಟುಮಾಡಿ ಲೆಕ್ಕದ ಪುಸ್ತಕ ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡನೆಯ ವರ್ಷ ಪೂರ್ತಿ ವಾರಕ್ಕೊಮ್ಮೆ ಅವರ ಜಗಲಿಯಲ್ಲಿ ಕುಳಿತು ಲೆಕ್ಕ ಬರೆದೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಅಲಸಂಡೆಗೆ ಗೊಬ್ಬರ ಎಷ್ಟು ಹಾಕಬೇಕು, ಹಾಗಲಕ್ಕೆ ಚಪ್ಪರ ಎಷ್ಟು ಎತ್ತರ ಇರಬೇಕು ಎಂದು ಹೇಳಿಕೊಡುವವರು ನಮ್ಮ ಊರಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಬೆಳೆದದ್ದು ಯಾವ ದಿನ ಕೈಗೆ ಬರಬೇಕು ಎಂಬುದನ್ನು ಬಿತ್ತುವ ಮೊದಲೇ ಕೇಳಿಕೊಳ್ಳುವವರು ಕಡಿಮೆ. ಈ ತೋಟ ಮೊದಲ ವರ್ಷ ಸೋತದ್ದೂ ಎರಡನೆಯ ವರ್ಷ ಚೇತರಿಸಿಕೊಂಡದ್ದೂ ಆ ಒಂದು ಪ್ರಶ್ನೆಯಿಂದ ಎಂದು ನಾನು ತಿಳಿದಿದ್ದೇನೆ.

ಜಾಗ, ನೀರು, ಮಣ್ಣು

ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನಲ್ಲಿರುವ ಮಗ, ಹೀಗೆ ಐದು ಮಂದಿ. ಒಂದೂವರೆ ಎಕರೆ ಅಡಿಕೆ ತೋಟವಿದೆ. ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ ಬರುವಂಥದ್ದು. ಮಹಾಳಿ, ಅಂದರೆ ಕೊಳೆರೋಗ, ಬಿದ್ದ ವರ್ಷ ಅದೂ ಅರ್ಧ. ಮಂಗಳೂರಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದ ಗಂಡ ಆ ಕೆಲಸ ಬಿಟ್ಟು ಮನೆಗೆ ಬಂದಾಗ, ವಾರವಾರ ಕೈಗೆ ನಾಲ್ಕು ಕಾಸು ಸಿಗುವ ಒಂದು ದಾರಿ ಬೇಕಾಯಿತು. ಹೆಂಡತಿಗೂ ಅತ್ತೆಗೂ ಮನೆಬಳಕೆಯ ತರಕಾರಿ ಬೆಳೆದು ಕೈ ಪಳಗಿತ್ತು. ಹೆಂಡತಿ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪಿನ ಸದಸ್ಯೆಯೂ ಆಗಿದ್ದುದರಿಂದ ಸರಕಾರದ ಕೃಷಿ ಕಚೇರಿಯಾದ ಕೃಷಿಭವನದ ಮೆಟ್ಟಿಲು ಹೊಸದಾಗಿರಲಿಲ್ಲ.

ನಮ್ಮ ಕಡೆಯ ಗದ್ದೆಗಳಿಗೆ ನೀರಿನ ಲೆಕ್ಕದಲ್ಲಿಯೇ ಹೆಸರಿದೆ: ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಇವರಿಗೆ 25 ಸೆಂಟ್ಸ್ ಬೈಲು, 15 ಸೆಂಟ್ಸ್ ಬೆಟ್ಟು ಇದೆ. ಬೈಲಿನಲ್ಲಿ ಏಣೇಲು, ಅಂದರೆ ಮಳೆಗಾಲದ ಭತ್ತ ಮಾತ್ರ ಬೆಳೆಯುತ್ತಾರೆ. ಆಮೇಲಿನ ಸುಗ್ಗಿ, ಕೊಳಕೆ ಬೆಳೆಗಳನ್ನು ಬಿಟ್ಟು ವರ್ಷಗಳಾದವು. ಹಾಗಾಗಿ ಅಕ್ಟೋಬರ್ ಕೊನೆಯಿಂದ ಮೇ ತನಕ ಬೈಲು ಖಾಲಿ. ನೀರಿಗೆ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಒಂದು ಸುರಂಗವಿದೆ, 70 ಕೋಲು ಉದ್ದ (ಕೋಲು ಎಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ). ಮಳೆ ನಿಂತ ಮೇಲೆ ತೋಳಿನ ಗಾತ್ರದಲ್ಲಿ ಬರುವ ನೀರು ಏಪ್ರಿಲಿನಲ್ಲಿ ಕಿರುಬೆರಳಿನಷ್ಟಾಗುತ್ತದೆ. ಅಷ್ಟು ಸಣ್ಣ ಧಾರೆಯಾದರೂ ರಾತ್ರಿಯಿಡೀ ತೊಟ್ಟಿಗೆ ಬಿದ್ದು, ಬೆಳಗ್ಗೆ ಹತ್ತು ಸೆಂಟ್ಸಿಗೆ ಸಾಲುವಷ್ಟು ನಿಲ್ಲುತ್ತದೆ. ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಊರವರು ಸೇರಿ ಕಲ್ಲು–ಮಣ್ಣಿನ ಕಟ್ಟ ಹಾಕಿದ ವರ್ಷ ಬೈಲಿನ ತೇವ ಮಾರ್ಚ್ ತನಕವೂ ಆರುವುದಿಲ್ಲ. ಕುಂಬ್ಡಾಜೆ ಪಂಚಾಯತಿನ ಏತಡ್ಕದವರು ಸಾಲುಸಾಲಾಗಿ ಕಟ್ಟ ಕಟ್ಟಿ ಹೆಸರಾದದ್ದು ನಮಗೆಲ್ಲ ಗೊತ್ತಿದ್ದರೂ, ನಮ್ಮ ತೋಡಿನಲ್ಲಿ ಕೆಲಸಕ್ಕೆ ಕರೆದಾಗ ಬರುವ ಕೈಗಳು ಕಡಿಮೆಯಾಗುತ್ತಾ ಬಂದಿರುವುದು ನನಗೆ ನೋವಿನ ಸಂಗತಿ.

ಮಣ್ಣು ಮುರಕಲ್ಲಿನ ಕೆಂಪು ಮಣ್ಣು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ಯುವುದರಿಂದ ನಮ್ಮ ನೆಲ ಹುಳಿ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಆವರಣದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಿಂದ ತಿಳಿದುಕೊಂಡಂತೆ ಸೆಂಟ್ಸಿಗೆ ಎರಡರಿಂದ ಎರಡೂವರೆ ಕಿಲೋ ಸುಣ್ಣ ಹಾಕಿ, ಎರಡು ವಾರ ಬಿಟ್ಟು ಹಟ್ಟಿಗೊಬ್ಬರ ಸೇರಿಸಿದರು. ಈ ಎರಡು ವಾರದ ಅಂತರವನ್ನು ಅವಸರಕ್ಕೆ ಬಿಟ್ಟುಬಿಡುವವರು ಬಹಳ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಹಟ್ಟಿಯ ಮೂಗುರಿಯುವ ವಾಸನೆ ಗದ್ದೆಯಲ್ಲಿ ಬಂದರೆ ಹೋಗುತ್ತಿರುವುದು ನಮ್ಮದೇ ಗೊಬ್ಬರವೆಂದು ತಿಳಿಯಬೇಕು.

ಮೊದಲ ವರ್ಷ

ಡಿಸೆಂಬರ್ ಕೊನೆಯ ವಾರದಲ್ಲಿ, ನಾಲ್ಕೇ ದಿನಗಳ ಒಳಗೆ, ಬೈಲಿನ 25 ಸೆಂಟ್ಸಿಗೂ ಬೀಜ ಬಿತ್ತು. ಹತ್ತು ಸೆಂಟ್ಸ್ ಅಲಸಂಡೆ, ಉಳಿದ ಹದಿನೈದರಲ್ಲಿ ಬೆಂಡೆ, ಹಾಗಲ, ಸೌತೆ. ಅಡಿಕೆ ಬೆಳೆಯುವವರ ಅಭ್ಯಾಸವೇ ಅದು: ಒಂದು ಸಲ ಆಳು ಕರೆದು, ಒಂದು ಸಲ ಹೊಂಡ ತೆಗೆದು, ಒಂದು ಸಲ ಗೊಬ್ಬರ ಹಾಕಿ ಮುಗಿಸುವುದು. ಕೆಲಸ ಅಚ್ಚುಕಟ್ಟಾಗಿತ್ತು; ಸುಡುಮಣ್ಣು, ಬೂದಿ, ಕಡ್ಲೆಹಿಂಡಿ ಎಲ್ಲವೂ ಹೊತ್ತಿಗೆ ಸರಿಯಾಗಿ ಬಿದ್ದವು. ಫೆಬ್ರವರಿ ನಡುವಿನಲ್ಲಿ ಅಲಸಂಡೆಯ ಚಪ್ಪರ ಕಂಡು ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ತೊಂದರೆ ಶುರುವಾದದ್ದು ಆ ಮೇಲೆ. ಅಲಸಂಡೆ ಬಿತ್ತಿದ 50 ದಿನಕ್ಕೆ ಕೊಯ್ಲಿಗೆ ಬಂದು, ದಿನ ಬಿಟ್ಟು ದಿನ ಕೊಯ್ಯಬೇಕಾದ ಬೆಳೆ. ಬಳ್ಳಿಯಲ್ಲಿ ಎರಡು ದಿನ ಹೆಚ್ಚು ನಿಂತ ಕೋಡು ಉಬ್ಬಿ, ಸಿಪ್ಪೆ ಬೆಂಡಾಗಿ, ಮುರಿದರೆ ಸದ್ದೇ ಬರುವುದಿಲ್ಲ. ಕೊಳ್ಳುವವರು ಮೊದಲು ಪರೀಕ್ಷಿಸುವುದು ಆ ಸದ್ದನ್ನೇ. ಭರದ ದಿನಗಳಲ್ಲಿ ಒಂದು ಕೊಯ್ಲಿಗೆ 18 ಕಿಲೋ ಸಿಗುತ್ತಿತ್ತು. ಸಂತೆಯಾದರೋ ವಾರಕ್ಕೊಂದು, ಶನಿವಾರ. ಆ ಸಂತೆಯಲ್ಲಿ ಇವರ ಹಾಗೆಯೇ ಗದ್ದೆ ಖಾಲಿಯಾದ ಮೇಲೆ, ಕಟ್ಟದ ನೀರು ನಂಬಿ, ಅದೇ ಹೊತ್ತಿನಲ್ಲಿ ಅಲಸಂಡೆ ಬಿತ್ತಿದ್ದ ನಾಲ್ಕು ಮಂದಿ ಇದ್ದರು. ಒಬ್ಬೊಬ್ಬರ ಚಾಪೆಯಿಂದ 12 ಕಿಲೋಗಿಂತ ಹೆಚ್ಚು ಹೋಗುತ್ತಿರಲಿಲ್ಲ. ವಾರದ ಉಳಿದ ಕೊಯ್ಲುಗಳನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಆ ಅಂಗಡಿಯವರು ಕಿಲೋಗೆ 50 ಗ್ರಾಂ ಒಣಗುವ ಬಾಬ್ತು ಎಂದು ಕಳೆದು, ಬೆಲೆಯನ್ನು ಮಾಲು ಕೊಟ್ಟು ಬಂದ ಮರುದಿನ ಹೇಳಿ, ಹಣವನ್ನು ಮೂರು ವಾರ ಕಳೆದು ಕೊಡುತ್ತಿದ್ದರು. ಎರಡು ಸಲ ಒಯ್ದ ಮಾಲನ್ನು ಬೇಡವೆಂದು ಹಿಂದೆ ಕಳುಹಿಸಿದರು. ಆ ಎರಡು ದಿನದ ಅಲಸಂಡೆ ಹಟ್ಟಿಗೆ ಹೋಯಿತು.

ಆ ಋತುವಿನ ಖರ್ಚು, ಮನೆಯವರ ದುಡಿಮೆ ಬಿಟ್ಟು, 21,400 ರೂಪಾಯಿ. ಬಂದದ್ದು 24,900. ನಾನು ಕೂಡಿಸಿ ಹೇಳಿದಾಗ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಮಗನಿಗೆ ಹೇಳಿದ ಮಾತು ಇದು: "ಸಂತೆ ಶನಿವಾರ ಎಂದು ಊರಿಗೆಲ್ಲ ಗೊತ್ತು ಮಗಾ. ನಾವು ಬೀಜ ಹಾಕುವಾಗ ಅದನ್ನು ನೆನೆಸಲೇ ಇಲ್ಲ." ಎರಡನೆಯ ವರ್ಷದ ಯೋಜನೆ ಆ ಮಾತಿನಿಂದ ಹುಟ್ಟಿತು.

ಕಾಯುವ ತರಕಾರಿ, ಕಾಯದ ತರಕಾರಿ

ನಾವು ಮೊದಲು ಮಾಡಿದ್ದು ತರಕಾರಿಗಳನ್ನು ಎರಡು ಪಾಲು ಮಾಡಿದ್ದು. ಬಣ್ಣದ ಸೌತೆ, ಕುಂಬಳ, ಚೀನಿಕಾಯಿ, ಸುವರ್ಣಗೆಡ್ಡೆ ಕಾಯುತ್ತವೆ. ಮಂಗಳೂರು ಸೌತೆ ಎಂದು ಹೊರಗಿನವರು ಕರೆಯುವ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ನೇತುಹಾಕಿದರೆ ಮಳೆಗಾಲದ ತನಕ ಕೆಡದೆ ನಿಲ್ಲುತ್ತದೆ. ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿಯಬಾರದು, ಅಷ್ಟೆ. ಇಂಥ ಬೆಳೆ ಒಟ್ಟಿಗೆ ಬಂದರೆ ಹೆದರಬೇಕಾಗಿಲ್ಲ. ಹರಿವೆ, ಅಲಸಂಡೆ, ಬೆಂಡೆ, ಮುಳ್ಳುಸೌತೆ ಕಾಯುವುದಿಲ್ಲ. ಇವನ್ನು ಒಟ್ಟಿಗೆ ಬಿತ್ತುವುದೆಂದರೆ ಒಟ್ಟಿಗೆ ಕಳೆದುಕೊಳ್ಳುವುದಕ್ಕೆ ಸಿದ್ಧರಾದಂತೆ.

ಕಾಯದ ತರಕಾರಿಗಳಿಗೆ ಸಂತೆಯ ದಿನದಿಂದ ಹಿಂದಕ್ಕೆ ಎಣಿಸಿದೆವು. ಹರಿವೆ ಬಿತ್ತಿದ ಮೇಲೆ ಕೀಳುವ ಹದಕ್ಕೆ ಬರಲು ಹೆಚ್ಚುಕಡಿಮೆ ಒಂದು ತಿಂಗಳು. ಹಾಗಾದರೆ ಪ್ರತಿ ಶನಿವಾರ ಹರಿವೆ ಬೇಕಿದ್ದರೆ, ಪ್ರತಿ ವಾರವೂ ಒಂದು ಸಣ್ಣ ಪಾತಿ ಬಿತ್ತಬೇಕು. ಸಂತೆ ಮುಗಿದ ಮರುದಿನ, ಭಾನುವಾರ ಸಂಜೆ, ಅರ್ಧ ಸೆಂಟ್ಸಿನ ಒಂದು ಪಾತಿ ಎಂದು ನಿಶ್ಚಯಿಸಿದರು. ಹರಿವೆಯ ಬೀಜ ಸಾಸಿವೆಗಿಂತಲೂ ಸಣ್ಣದು, ಇರುವೆಗಳಿಗೆ ಬಹಳ ಪ್ರೀತಿ. ಅದಕ್ಕೆ ರವೆ ಬೆರೆಸಿ ಬಿತ್ತುವುದು ನಮ್ಮಲ್ಲಿ ರೂಢಿ, ಇರುವೆಗಳು ರವೆಯನ್ನು ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳಕೆಯೊಡೆಯುತ್ತದೆ. ಅಲಸಂಡೆಯನ್ನು ಹತ್ತು ಸೆಂಟ್ಸಿನಿಂದ ಆರಕ್ಕೆ ಇಳಿಸಿ, ಎರಡೆರಡು ಸೆಂಟ್ಸಿನ ಮೂರು ತುಂಡು ಮಾಡಿ, ನವೆಂಬರ್ ಮೊದಲ ವಾರದಿಂದ ಮೂರು ವಾರಕ್ಕೊಮ್ಮೆ ಒಂದೊಂದು ತುಂಡು ಬಿತ್ತಿದರು. ಊರಿನ ಉಳಿದವರ ಅಲಸಂಡೆ ಫೆಬ್ರವರಿಯಲ್ಲಿ ಬರುವ ಮೊದಲೇ, ಡಿಸೆಂಬರ್ ಕೊನೆಗೆ, ಇವರ ಮೊದಲ ಕೊಯ್ಲು ಸಂತೆಗೆ ಬಂತು.

ದಿನ ಬಿಟ್ಟು ದಿನ ಕೊಯ್ಯುವ ಬೆಳೆಗೂ ಏಳು ದಿನಕ್ಕೊಂದರಂತೆ ಬರುವ ಸಂತೆಗೂ ಲೆಕ್ಕ ಕೂಡುವುದಿಲ್ಲ; ಏಳು ಬೆಸಸಂಖ್ಯೆಯಾದ್ದರಿಂದ ಈ ವಾರ ಶುಕ್ರವಾರಕ್ಕೆ ಬಿದ್ದ ಕೊಯ್ಲು ಮುಂದಿನ ವಾರ ಗುರುವಾರಕ್ಕೆ ಸರಿಯುತ್ತದೆ. ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಎಂದು ಕೊಯ್ಲನ್ನು ಕಟ್ಟಿಹಾಕಿದೆವು. ಶುಕ್ರವಾರ ಸಂಜೆಯದು ಸಂತೆಗೆ. ಬುಧವಾರದ್ದು ಸುತ್ತಲಿನ ಮನೆಗಳಿಗೆ. ಮಂಗಳವಾರ ರಾತ್ರಿ ಮಗಳು ವಾಟ್ಸಾಪ್ ಗುಂಪಿನಲ್ಲಿ ಏನೇನಿದೆ ಎಂದು ಬರೆಯುತ್ತಾಳೆ, ಬೇಕಾದವರು ಹೇಳುತ್ತಾರೆ, ಮಗ ಶಾಲೆಗೆ ಹೋಗುವಾಗ ತಲುಪಿಸುತ್ತಾನೆ. ಶುಕ್ರವಾರದಿಂದ ಸೋಮವಾರಕ್ಕೆ ಮೂರು ದಿನದ ಅಂತರ ಬೀಳುವುದರಿಂದ ಸೋಮವಾರದ ಕೋಡುಗಳಲ್ಲಿ ಕೆಲವು ಬಲಿತಿರುತ್ತವೆ. ಅವನ್ನು ಅಜ್ಜಿ ಕುಳಿತು ಸುಲಿಯುತ್ತಾರೆ; ಹಸಿ ಅಲಸಂಡೆ ಬೀಜಕ್ಕೆ ಕೋಡಿಗಿಂತ ಹೆಚ್ಚು ಬೆಲೆ ಸಿಕ್ಕಿತು. ಮೊದಲ ವರ್ಷ ಹಟ್ಟಿಗೆ ಹೋದ ಮಾಲು ಅದೇ. ಈ ಒಂದು ಬದಲಾವಣೆ ನನಗೆ ತುಂಬ ಹಿಡಿಸಿತು, ಏಕೆಂದರೆ ಅದಕ್ಕೆ ಒಂದು ರೂಪಾಯಿಯ ಖರ್ಚೂ ಇರಲಿಲ್ಲ.

ಸೌತೆಗೂ ಹಿಂದಕ್ಕೆ ಎಣಿಸಿದೆವು, ಆದರೆ ಶನಿವಾರದಿಂದಲ್ಲ, ವಿಷುವಿನಿಂದ. ವಿಷು, ಅಂದರೆ ಸೌರಮಾನ ಯುಗಾದಿ, ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಆ ಬೆಳಗ್ಗೆ ಮೊದಲು ಕಣ್ಣಿಗೆ ಬೀಳುವಂತೆ ಜೋಡಿಸಿಡುವ ಮಲಯಾಳಿಗಳ ವಿಷುಕಣಿಯಲ್ಲಿ ಹೊಂಬಣ್ಣದ ಕಣಿವೆಳ್ಳರಿ ಇರಲೇಬೇಕು. ತುಳುವರ ಬಿಸುಕಣಿಯಲ್ಲಿ ಇಡುವ ಸೌತೆಯೂ ಅದೇ ಜಾತಿಯ ಕಾಯಿ. ಒಂದೇ ಕಾಯಿಯನ್ನು ಎರಡು ಭಾಷೆಯವರು ಒಂದೇ ವಾರದಲ್ಲಿ ಕೇಳಿಕೊಂಡು ಬರುವುದು ನಮ್ಮ ಗಡಿನಾಡಿನ ಭಾಗ್ಯ. ಬಿತ್ತಿದ 65 ದಿನಕ್ಕೆ ಕಾಯಿ ಪೂರ್ತಿ ಹಳದಿಯಾಗುತ್ತದೆ ಎಂದಿಟ್ಟುಕೊಂಡರೆ, ಏಪ್ರಿಲ್ ಮೊದಲ ವಾರಕ್ಕೆ ಕೈಗೆ ಸಿಗಲು ಫೆಬ್ರವರಿ ಮೊದಲ ದಿನಗಳಲ್ಲಿ ಬಿತ್ತಬೇಕು. ಹಾಗೆ ಮಾಡಿದರು. ಕೇರಳ ಸರಕಾರ 2020ರ ನವೆಂಬರ್ 1ರಿಂದ 16 ಬೆಳೆಗಳಿಗೆ ತಳಬೆಲೆ ಜಾರಿಗೆ ತಂದಾಗ ಸೌತೆಗೆ ಕಿಲೋಗೆ 8 ರೂಪಾಯಿ, ಕುಂಬಳಕ್ಕೆ 9, ಪಡುವಲಕ್ಕೆ 16, ಹಾಗಲಕ್ಕೆ 30 ಎಂದು ನಿಗದಿ ಮಾಡಿತ್ತು. ಮಾಲನ್ನು ಸಗಟಾಗಿ ಒಪ್ಪಿಸುವವರಿಗೆ ಅದೊಂದು ಆಸರೆ. ಇವರು ಗಾಯವಿಲ್ಲದ, ತೊಟ್ಟು ಸಹಿತವಾದ, ಒಂದೂವರೆ ಕಿಲೋ ಮೀರದ ಕಾಯಿಗಳನ್ನು ಆರಿಸಿ ವಿಷುವಿನ ಹಿಂದಿನ ಎರಡು ಸಂತೆಗಳಲ್ಲಿ ಕಿಲೋಗೆ 35ರಂತೆ ಮಾರಿದರು. ಗಾಯವಾದವು ಮನೆಯ ಹುಳಿಗಾಯಿತು, ದೊಡ್ಡವು ಅಟ್ಟಕ್ಕೇರಿದವು.

ಚಾಪೆಯ ಈಚೆ ಕುಳಿತು ಕಂಡದ್ದು

ಎರಡನೆಯ ವರ್ಷ ನಾನು ಎಂಟು–ಹತ್ತು ಶನಿವಾರ ಅವರ ಜೊತೆ ಸಂತೆಯಲ್ಲಿ ಕುಳಿತಿದ್ದೇನೆ. ಹರಿವೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮಲಯಾಳಿ ಗಿರಾಕಿಗಳು ಕೇಳುವ ಚೀರ ಎಳೆಯದಾಗಿರಬೇಕು, ಕೆಂಪಾಗಿರಬೇಕು, ಬೇರು ಸಹಿತ ಕಿತ್ತಿರಬೇಕು. ಎಲೆಯನ್ನು ಸಣ್ಣಗೆ ಹೆಚ್ಚಿ ತೆಂಗಿನತುರಿ ಹಾಕಿ ತೋರನ್ ಮಾಡುವವರಿಗೆ ದಂಟು ಬೇಕಾಗಿಲ್ಲ. ನಮ್ಮವರು, ತುಳುವಿನಲ್ಲಿ ಪದ್ಪೆ ಎಂದು ಕೇಳುವವರೂ ಸೇರಿ, ಹೆಬ್ಬೆರಳಿನ ಗಾತ್ರದ ದಂಟಿದೆಯೇ ಎಂದು ನೋಡುತ್ತಾರೆ. ದಂಟಿನ ಹುಳಿಗೆ, ಸಾಂಬಾರಿಗೆ ಅದೇ ರುಚಿ. ಒಂದೇ ಪಾತಿಯಿಂದ ಈ ಎರಡನ್ನೂ ಕೊಡಬಹುದು ಎಂದು ಹೆಂಡತಿ ಕಂಡುಕೊಂಡರು. ತಿಂಗಳಾದಾಗ ಎಡೆ ಬಿಟ್ಟು ಎಡೆ ಕಿತ್ತು ಎಳೆ ಹರಿವೆಯನ್ನು ಮಾರುವುದು, ಉಳಿದ ಗಿಡಗಳಿಗೆ ಹಟ್ಟಿಯ ಸ್ಲರಿ ಕೊಟ್ಟು ಮತ್ತೆ ಮೂರು ವಾರ ಬಿಟ್ಟು ದಂಟಾಗಿಸುವುದು. ಅರ್ಧ ಸೆಂಟ್ಸಿನ ಪಾತಿ ಹೀಗೆ ಎರಡು ಸಲ ದುಡ್ಡು ಕೊಟ್ಟಿತು.

ಬಾಡದಂತೆ ತರುವುದು ಇನ್ನೊಂದು ಕಲಿಕೆ. ಮೊದಮೊದಲು ಶುಕ್ರವಾರ ಸಂಜೆಯೇ ಕಿತ್ತು, ಚೆನ್ನಾಗಿ ತೊಳೆದು, ಗೋಣಿಯಲ್ಲಿ ತುಂಬಿಡುತ್ತಿದ್ದರು. ಬೆಳಗ್ಗೆ ಗೋಣಿ ಬಿಚ್ಚಿದರೆ ಒಳಗೆ ಬಿಸಿ, ನಡುವಿನ ಎಲೆಗಳು ಕಪ್ಪು. ಈಗ ಬೆಳಗ್ಗೆ ನಾಲ್ಕೂವರೆಗೆ ತಲೆದೀಪ ಕಟ್ಟಿಕೊಂಡು ಇಬ್ಬನಿಯಲ್ಲೇ ಕೀಳುತ್ತಾರೆ. ಬೇರಿನ ಮಣ್ಣನ್ನು ಮಾತ್ರ ತೊಟ್ಟಿಯಲ್ಲಿ ಅಲುಗಿಸಿ ತೆಗೆದು, ಎಲೆಗೆ ನೀರು ತಾಗಿಸದೆ, ಬಾಳೆನಾರಿನಲ್ಲಿ ಕಟ್ಟಿ, ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ನಿಲ್ಲಿಸಿಯೇ ಒಯ್ಯುತ್ತಾರೆ. ಸಂತೆಯಲ್ಲಿ ಅಗಲವಾದ ತಪ್ಪಲೆಗೆ ಎರಡಂಗುಲ ನೀರು ಹಾಕಿ ಅದರಲ್ಲಿ ಕಟ್ಟುಗಳನ್ನು ನಿಲ್ಲಿಸಿದರೆ ಹನ್ನೊಂದು ಗಂಟೆಯ ತನಕ ಎಲೆ ತಲೆಯೆತ್ತಿಯೇ ಇರುತ್ತದೆ. ಪಕ್ಕದ ಚಾಪೆಯವರ ಹರಿವೆ ಒಂಬತ್ತೂವರೆಗೆ ಜೋತುಬೀಳುವುದನ್ನು ನೋಡಿದ ಹೆಂಡತಿ, ಮುಂದಿನ ವಾರ ಮನೆಯಿಂದ ಇನ್ನೊಂದು ತಪ್ಪಲೆ ತಂದು ಅವರಿಗೆ ಕೊಟ್ಟರು.

ಬೆಲೆ ಬರೆದ ಹಲಗೆಯಲ್ಲಿ ಮಗಳು ಕನ್ನಡದಲ್ಲೂ ಮಲಯಾಳದಲ್ಲೂ ಹೆಸರು ಬರೆದಳು: ಅಲಸಂಡೆಯ ಕೆಳಗೆ ಪಯರ್, ಬೆಂಡೆಯ ಕೆಳಗೆ ವೆಂಡಕ್ಕ. ಲತ್ತಂಡೆ ಎಂದು ತುಳುವಿನಲ್ಲಿ ಕೇಳುವವರಿಗೆ ಹಲಗೆ ಬೇಕಾಗಿರಲಿಲ್ಲ. ಮೊದಲ ಕೆಲವು ವಾರ ಮಧ್ಯಾಹ್ನ ಹನ್ನೆರಡಾದ ಮೇಲೆ ಉಳಿದದ್ದನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಆಮೇಲೆ ಗಮನಿಸಿದರೆ, ಹತ್ತು ಗಂಟೆಗೆ ಬಂದು ನೋಡಿ ಹೋದವರೇ ಹನ್ನೆರಡಕ್ಕೆ ಮರಳಿ ಬರುತ್ತಿದ್ದಾರೆ. ಬೆಲೆ ಇಳಿಸುವುದನ್ನು ನಿಲ್ಲಿಸಿ, ಉಳಿದದ್ದನ್ನು ಹತ್ತಿರದ ಒಂದು ಅಂಗನವಾಡಿಗೆ ಕೊಡಲು ತೊಡಗಿದರು. ಆ ತೀರ್ಮಾನದ ಬಗ್ಗೆ ಮನೆಯಲ್ಲಿ ವಾದವಾಯಿತು. ನನ್ನ ಅಭಿಪ್ರಾಯ ಹೆಂಡತಿಯ ಪರವಾಗಿತ್ತು. ಬೆಳಗ್ಗೆ ಪೂರ್ತಿ ಬೆಲೆ ಕೊಟ್ಟ ಗಿರಾಕಿಗೆ ಮಧ್ಯಾಹ್ನದ ಅರ್ಧ ಬೆಲೆ ಕಂಡರೆ ಮೋಸ ಹೋದಂತೆ ಅನಿಸುತ್ತದೆ.

ಗಿರಾಕಿಗಳು ಬೆಲೆಗಿಂತ ಮೊದಲು ಕೇಳುವ ಪ್ರಶ್ನೆಯೊಂದಿದೆ: "ಅಕ್ಕಾ, ಮದ್ದು ಬಿಟ್ಟದ್ದೋ?" ಬೇರೆ ಊರಿನಲ್ಲಿ ಇದು ಮಾತಿಗೆ ಕೇಳುವ ಪ್ರಶ್ನೆ ಇರಬಹುದು. ನಮ್ಮ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಗಳಲ್ಲಿ ಗೇರುತೋಟಗಳ ಮೇಲೆ 2000ನೆಯ ಇಸವಿಯ ತನಕ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಆಡಿಸಿದ ಕೈಗಳೇ ಇಂದು ಸಂತೆಯಲ್ಲಿ ತರಕಾರಿ ಮುಟ್ಟಿ ನೋಡುತ್ತವೆ. ಈ ಪ್ರಶ್ನೆಗೆ ಸುಳ್ಳು ಹೇಳಬಾರದು ಎಂಬುದು ಆ ಮನೆಯ ಮೊದಲ ನಿಯಮ. ಹಾಗಲಕ್ಕೂ ಸೌತೆಗೂ ಬರುವ ಹಣ್ಣುನೊಣಕ್ಕೆ ಮೋಹಕ ಬಲೆಗಳನ್ನು ತೂಗಿಹಾಕಿ, ಎಳೆಯ ಹಾಗಲಕ್ಕೆ ಹಳೆಯ ಪತ್ರಿಕೆಯ ಕಾಗದದ ಚೀಲ ತೊಡಿಸುತ್ತಾರೆ. ಕಾಗದ ಸುತ್ತಿದ ಹಾಗಲ ಚಪ್ಪರದಲ್ಲಿ ತೂಗುತ್ತಿರುವ ಫೋಟೊ ಒಂದನ್ನು ಮಗಳು ಹಲಗೆಯ ಪಕ್ಕ ಅಂಟಿಸಿದ್ದಾಳೆ. ಬಾಯಿಮಾತಿಗಿಂತ ಅದು ಹೆಚ್ಚು ಕೆಲಸ ಮಾಡಿತು.

ಮಳೆಗಾಲದ ಬೆಟ್ಟು, ತುಲಾ ಮಳೆಯ ಹರಿವೆ

ಮಳೆಗಾಲದಲ್ಲಿ ಊರ ತರಕಾರಿಗೆ ಬೇಡಿಕೆ ಹೆಚ್ಚು, ಬೆಳೆಯುವುದು ಕಷ್ಟ. ಸಂತೆ ತುಂಬ ಘಟ್ಟದ ಮೇಲಿನ ತರಕಾರಿ ಇರುವ ಆ ದಿನಗಳಲ್ಲಿ ಊರ ಬೆಂಡೆ ಎಂದರೆ ಅದರ ಬೆಲೆಯೇ ಬೇರೆ. ಚೌತಿಗೆ ಊರ ಬೆಂಡೆ, ಮುಳ್ಳುಸೌತೆ ಬೇಕು. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಬೆಸಸಂಖ್ಯೆಯ ತರಕಾರಿಗಳಾಗಬೇಕು. ಅದೇ ಹೊತ್ತಿಗೆ ಓಣಂ. ಆಟಿ ಎಂಬ ತುಳು ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆಯನ್ನು ಹತ್ತರ ಕಟ್ಟಾಗಿ ಮಾರಿದರು. ಅದಕ್ಕೆ ಬೀಜವೂ ಬೇಕಾಗಿಲ್ಲ, ತೋಡಿನ ಬದಿಯಲ್ಲಿ ತಾನಾಗಿ ಬೆಳೆಯುವಂಥದ್ದು.

ಬೆಟ್ಟಿನ 15 ಸೆಂಟ್ಸಿಗೆ ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆ ಹದವಾದ ಮೇಲೆ ಏರಿ ಮಾಡಿ, ಹಬ್ಬಗಳಿಂದ ಹಿಂದಕ್ಕೆ ಎಣಿಸಿ, ಬೆಂಡೆಯನ್ನು ಎರಡು ಕಂತಿನಲ್ಲಿ ಬಿತ್ತಿದರು. ಲೆಕ್ಕ ಸರಿಯಾಗಿತ್ತು. ಚೌತಿಗೆ ಒಂಬತ್ತು ದಿನ ಇರುವಾಗ, ಒಂದೇ ರಾತ್ರಿಯಲ್ಲಿ ಕಾಡುಹಂದಿಗಳು ಮೊದಲ ಕಂತನ್ನು ಪೂರ್ತಿಯಾಗಿ ಉತ್ತುಹಾಕಿದವು. ಸುತ್ತ ಕಟ್ಟಿದ್ದ ಹಳೆಯ ಸೀರೆಯೂ ಮೀನಿನ ಬಲೆಯೂ ಅವುಗಳಿಗೆ ಅಡ್ಡಿಯಾಗಲಿಲ್ಲ. ಬೆಳಗ್ಗೆ ನಾನು ಹೋದಾಗ ಗಂಡ ಏರಿಯ ತುದಿಯಲ್ಲಿ ಕುಳಿತು, ಹೂ ಸಹಿತ ಬಿದ್ದಿದ್ದ ಗಿಡಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಊರುತ್ತಿದ್ದರು. ಒಂದೂ ಬದುಕಲಿಲ್ಲ. ಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಕೇರಳದಲ್ಲಿ 2022ರಲ್ಲಿ ಪಂಚಾಯತಿನ ಅಧ್ಯಕ್ಷರಿಗೆ ಕೊಟ್ಟರು. ಆದರೆ ಪರವಾನಗಿ ಇರುವ ಕೋವಿಯವರನ್ನು ಹುಡುಕಿ, ಹಂದಿ ಬರುವ ರಾತ್ರಿಗೆ ಕರೆತರುವುದು ಬೇರೆಯೇ ಮಾತು. ಪಕ್ಕದ ಮನೆಯವರೊಂದಿಗೆ ಸೇರಿ ಸೌರಬೇಲಿ ಹಾಕಿದರು. ಇವರ ಪಾಲಿಗೆ 11,000 ರೂಪಾಯಿ ಬಿತ್ತು. ಎರಡನೆಯ ಕಂತಿನ ಬೆಂಡೆ ಉಳಿದು ಮೊಂತಿ ಹಬ್ಬಕ್ಕೂ ಓಣಂಗೂ ಆಯಿತು.

ಅಕ್ಟೋಬರಿನ ತುಲಾ ಮಳೆಗೆ ಇನ್ನೊಂದು ನಷ್ಟ. ಬೆಟ್ಟಿನ ಕೆಂಪು ಹರಿವೆಯ ಎಲೆಗಳ ಮೇಲೆ ಬಿಳಿಚಿದ ಚುಕ್ಕೆಗಳೆದ್ದು, ನಾಲ್ಕು ದಿನದಲ್ಲಿ ಎಲೆಯೆಲ್ಲ ತೂತಾಗಿ, ಎರಡು ಪಾತಿ ಹಾಳಾದವು. ಇದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗ. ಮಣ್ಣು ಎಲೆಗೆ ಸಿಡಿದಾಗ ಹತ್ತಿಕೊಳ್ಳುತ್ತದೆ, ಹಸಿರು ಹರಿವೆಗಿಂತ ಕೆಂಪಿಗೆ ಹೆಚ್ಚು. ಕೃಷಿಭವನದಲ್ಲಿ ಕೊಟ್ಟ ಸಲಹೆಯಂತೆ ಹಸಿರು ಮತ್ತು ಕೆಂಪು ಹರಿವೆಯನ್ನು ಬೆರೆಸಿ ಬಿತ್ತಿ, ಬುಡಕ್ಕೆ ಒಣಗಿದ ಸೊಪ್ಪು ಹಾಸಿ, ಮೇಲಿನಿಂದ ನೀರು ಚಿಮುಕಿಸುವುದನ್ನು ಬಿಟ್ಟು ಸಾಲಿನಲ್ಲಿ ಹರಿಸಿದರು. ರೋಗ ಪೂರ್ತಿ ಹೋಗಲಿಲ್ಲ. ಸಂತೆಗೆ ಒಯ್ಯುವಷ್ಟು ಉಳಿಯಿತು.

ಎರಡನೆಯ ವರ್ಷದ ಲೆಕ್ಕ

ಆ ವರ್ಷ ಅವರು 30 ಶನಿವಾರ ಸಂತೆಯಲ್ಲಿ ಕುಳಿತರು. ಒಂದು ಸಂತೆಗೆ ಸರಾಸರಿ 2,100 ರೂಪಾಯಿಯಂತೆ 63,000. ಮನೆಗಳಿಗೆ ಕೊಟ್ಟದ್ದು 24 ವಾರ, ವಾರಕ್ಕೆ 700ರಂತೆ 16,800. ವಿಷುವಿನ ಸೌತೆ 140 ಕಿಲೋ, 4,900. ಅದನ್ನು ಬೇರೆಯಾಗಿಯೇ ಬರೆದಿದ್ದೆ. ಒಟ್ಟು 84,700 ರೂಪಾಯಿ.

ಖರ್ಚಿನಲ್ಲಿ ಬೀಜಕ್ಕೆ 2,900, ಗೊಬ್ಬರ–ಹಿಂಡಿ–ಸುಣ್ಣಕ್ಕೆ 9,600, ಚಪ್ಪರ, ಹಗ್ಗ, ಬಲೆಗೆ 6,800, ಆಳಿಗೆ 14,400, ಸಂತೆಗೆ ಹೋಗಿಬರುವ ಆಟೋರಿಕ್ಷಾಕ್ಕೆ 300ರಂತೆ 9,000, ನೊಣದ ಬಲೆ, ಚೀಲ, ತಕ್ಕಡಿಗೆ ಹಾಕಿಸಬೇಕಾದ ಮುದ್ರೆ ಇತ್ಯಾದಿಗೆ 2,300, ಬೇಲಿಗೆ 11,000. ಒಟ್ಟು 56,000. ಉಳಿದದ್ದು 28,700.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪ–ಅಮ್ಮ ತೋಟದಲ್ಲೂ ಸಂತೆಯಲ್ಲೂ ಕಳೆದ ಗಂಟೆಗಳನ್ನು ಬರೆದಿಟ್ಟಿದ್ದಳು: ಇಬ್ಬರದ್ದೂ ಸೇರಿ 1,150 ಗಂಟೆ. ಗಂಟೆಗೆ 25 ರೂಪಾಯಿ ಬಿದ್ದಂತಾಯಿತು. ಬೇಲಿಯ ಖರ್ಚನ್ನು ಐದು ವರ್ಷಕ್ಕೆ ಹಂಚಿದರೂ 33ರ ಹತ್ತಿರ. ಊರಿನ ಕೂಲಿಗೆ ಹೋಲಿಸಿದರೆ ಇದು ಬಹಳ ಕಡಿಮೆ, ಇದರಲ್ಲಿ ಅಜ್ಜಿ ಬೀಜ ಸುಲಿದ ಹೊತ್ತು ಸೇರಿಯೂ ಇಲ್ಲ. ತರಕಾರಿ ತೋಟ ಹಾಕಲು ಹೊರಟ ಯಾರಿಗೇ ಆಗಲಿ ಈ ಸಂಖ್ಯೆಯನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳುವುದು ಅನ್ಯಾಯ ಎಂದು ನಾನು ಭಾವಿಸುತ್ತೇನೆ. ಅದೇ ಹೊತ್ತಿನಲ್ಲಿ, ಅಡಿಕೆ ಮಾರುವ ತನಕ ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆಸುತ್ತಿದ್ದ ಮನೆ ಆ ವರ್ಷ ಒಂದು ಸಲವೂ ಬರೆಸಲಿಲ್ಲ ಎಂಬುದನ್ನೂ, ಮನೆಗೆ ತರಕಾರಿ ಕೊಂಡುಕೊಳ್ಳುವ ಖರ್ಚು ಇಲ್ಲವಾದದ್ದನ್ನೂ ಲೆಕ್ಕದ ಬದಿಯಲ್ಲಿ ಬರೆದಿಟ್ಟೆ.

ಗಂಟೆಗಳನ್ನು ಕಡಿಮೆ ಮಾಡುವ ದಾರಿ ಎಲ್ಲಿದೆ ಎಂದು ನಾವು ಹುಡುಕಿದೆವು. ಕ್ಯಾಲೆಂಡರ್ ನೋಡಿದರೆ 1,150ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೊಡದಲ್ಲಿ ನೀರು ಹಾಕಿದ ಹೊತ್ತು. ತೊಟ್ಟಿ ಬೈಲಿಗಿಂತ ಎತ್ತರದಲ್ಲಿದೆ, ಪಂಪು ಬೇಕಾಗಿಲ್ಲ; ಅಲಸಂಡೆ ಮತ್ತು ಹಾಗಲದ ಸಾಲುಗಳಿಗೆ ಹನಿ ನೀರಾವರಿಯ ಪೈಪು ಎಳೆದರೆ ಸುರಂಗದ ಸಣ್ಣ ಧಾರೆಯೂ ಏಪ್ರಿಲ್ ತನಕ ಸಾಲುತ್ತದೆ. ಮೂರನೆಯ ವರ್ಷದ ಮೊದಲ ಖರ್ಚು ಅದೇ ಆಗಬೇಕೆಂದು ಗಂಡ ಒಪ್ಪಿದರು. ಹೆಂಡತಿಯ ಚಿಂತೆ ಬೇರೆ: ಹಲಗೆ ಬರೆಯುವ, ವಾಟ್ಸಾಪಿನಲ್ಲಿ ಉತ್ತರಿಸುವ, ಮೂರು ಭಾಷೆಯಲ್ಲಿ ಗಿರಾಕಿಗಳನ್ನು ಮಾತನಾಡಿಸುವ ಮಗಳು ಜೂನಿನಲ್ಲಿ ಹೆಚ್ಚಿನ ಓದಿಗೆ ಮಂಗಳೂರಿಗೆ ಹೋಗುತ್ತಾಳೆ. ಆ ಜಾಗಕ್ಕೆ ಕುಟುಂಬಶ್ರೀ ಗುಂಪಿನ ಇಬ್ಬರನ್ನು ಸೇರಿಸಿಕೊಂಡು, ಅವರ ಮನೆಯ ಬಸಳೆಯನ್ನೂ ಗಾಂಧಾರಿ ಮೆಣಸನ್ನೂ ಒಂದೇ ಚಾಪೆಯಲ್ಲಿಟ್ಟು ಮಾರುವ ಮಾತುಕತೆ ನಡೆಯುತ್ತಿದೆ. ಆಟೋರಿಕ್ಷಾದ ಬಾಡಿಗೆ ಮೂರು ಪಾಲಾಗುತ್ತದೆ. ಲೆಕ್ಕದ ಪುಸ್ತಕದ ಹೊಸ ಪುಟದಲ್ಲಿ ನಾನು ಶನಿವಾರಗಳನ್ನು ಮೊದಲು ಬರೆದು, ಪ್ರತಿಯೊಂದರ ಎದುರು ಅದಕ್ಕೆ ಬಿತ್ತಬೇಕಾದ ಭಾನುವಾರವನ್ನು ಗುರುತಿಸಿ ಕೊಟ್ಟಿದ್ದೇನೆ.